ಲಿವರ್ ಕ್ಯಾನ್ಸರಿಗೆ ಟೇಸ್ ಚಿಕಿತ್ಸೆ ಆದ ಮೇಲೆ ಅಪ್ಪನ ರಕ್ತದ ಎನ್‌ಎಲ್‌ಆರ್ 9.3 ಬಂದಿದೆ. ಇದನ್ನು ಹೇಗೆ ಓದಬೇಕು?

ಪ್ರಶ್ನೆ: ತಿಪಟೂರಿನ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಪ್ಪನಿಗೆ 63 ವರ್ಷ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಕುಡಿತ ಇಲ್ಲ, ಬೀಡಿ ಇಲ್ಲ. ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್‌ಗೆ ಮೊದಲು ರಕ್ತ ಪರೀಕ್ಷೆ ಮಾಡಿದಾಗ ಹೆಪಟೈಟಿಸ್ ಬಿ ಅನ್ನುವ ಲಿವರ್ ವೈರಸ್ ಇರುವುದು ಗೊತ್ತಾಯಿತು. ಆಗಿನಿಂದ ದಿನಕ್ಕೊಂದು ಟೆನೊಫೊವಿರ್ ಮಾತ್ರೆ ನುಂಗುತ್ತಿದ್ದಾರೆ. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನ್ ಮಾಡಿಸಿ ಅಂತ ಆಗಲೇ ಹೇಳಿದ್ದರು. ಒಂದು ಸಲ ಮಾಡಿಸಿದೆವು. ಆಮೇಲೆ ತಮ್ಮನ ಮದುವೆ ಬಂತು, ಓಡಾಟದಲ್ಲಿ ತಪ್ಪಿಹೋಯಿತು. ಆ ತಪ್ಪು ನನ್ನದು, ನನಗೆ ನೆನಪಿತ್ತು. ಮದುವೆ ಮುಗಿಯಲಿ ಅಂದುಕೊಂಡೆ.

ಈ ವರ್ಷ ಮಾಡಿಸಿದಾಗ ಲಿವರ್‌ನಲ್ಲಿ ಎರಡು ಕ್ಯಾನ್ಸರ್ ಗಂಟು. ಬಲಭಾಗದಲ್ಲಿ 4.8 ಸೆಂಟಿಮೀಟರ್, ಎಡಭಾಗದಲ್ಲಿ 2. ಲಿವರ್ ಕ್ಯಾನ್ಸರಿಗೆ ನೋಡುವ ರಕ್ತ ಪರೀಕ್ಷೆ ಎಎಫ್‌ಪಿ 240. ಎರಡೂ ಕಡೆ ಕುಯ್ದು ತೆಗೆದರೆ ಉಳಿಯುವ ಲಿವರ್ ಸಾಲದು, ಟೇಸ್ ಮಾಡೋಣ ಅಂತ ಬೆಂಗಳೂರಿನ ಡಾಕ್ಟರುಗಳು ತೀರ್ಮಾನ ಮಾಡಿದರು. ತೊಡೆಸಂದಿಯ ರಕ್ತನಾಳದಿಂದ ತೆಳ್ಳಗಿನ ಟ್ಯೂಬ್ ಹಾಕಿ ಲಿವರ್‌ವರೆಗೆ ಹೋಗುತ್ತಾರೆ. ಗಂಟಿಗೆ ರಕ್ತ ಕೊಡುವ ನಾಳದೊಳಕ್ಕೇ ಕೀಮೋ ಔಷಧಿ ಬಿಟ್ಟು, ಆ ನಾಳವನ್ನು ಮುಚ್ಚಿಬಿಡುತ್ತಾರೆ. ಮುಗಿದ ಮೇಲೆ ಅಪ್ಪ ಆರು ಗಂಟೆ ಬಲಗಾಲು ಮಡಚದೆ ಮಲಗಬೇಕಿತ್ತು. ನಾನು ಕಾಲಿನ ಹತ್ತಿರ ಕೂತು, ಅವರು ನಿದ್ದೆಯಲ್ಲಿ ಮಂಡಿ ಎತ್ತಲು ಹೋದಾಗಲೆಲ್ಲ ಮೆಲ್ಲಗೆ ಒತ್ತಿ ಹಿಡಿಯುತ್ತಿದ್ದೆ. ಎರಡನೇ ರಾತ್ರಿ ಜ್ವರ 101 ಬಂತು, ಬಲಪಕ್ಕೆಲುಬಿನ ಕೆಳಗೆ ನೋವು. ನಾಲ್ಕನೇ ದಿನ ಮನೆಗೆ ಕಳಿಸಿದರು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅಪ್ಪ ತಮ್ಮ ಪ್ರತಿ ರಿಪೋರ್ಟನ್ನೂ ಹಳೇ ಕೆಂಪು ಬೈಂಡಿನ ಖಾತೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಎಡಕ್ಕೆ ತಾರೀಖು, ಬಲಕ್ಕೆ ಸಂಖ್ಯೆ, ಮಂಡಿಯಲ್ಲಿ ಚೀಲದ ತೂಕ ಬರೆದ ಹಾಗೆ. ಟೇಸ್‌ಗೆ ಮೊದಲು ಬಿಳಿ ರಕ್ತಕಣ 5,200. ಅದರಲ್ಲಿ ನ್ಯೂಟ್ರೋಫಿಲ್ ನೂರಕ್ಕೆ 58, ಲಿಂಫೋಸೈಟ್ 30. ಟೇಸ್ ಆಗಿ ಎರಡನೇ ದಿನ ಒಟ್ಟು 11,400. ನ್ಯೂಟ್ರೋಫಿಲ್ 84, ಲಿಂಫೋಸೈಟ್ ಬರೀ 9. ನಾಲ್ಕು ವಾರದ ಮೇಲೆ ಒಟ್ಟು 6,100. ನ್ಯೂಟ್ರೋಫಿಲ್ 70, ಲಿಂಫೋಸೈಟ್ 20. ಈ ಕೊನೆಯ ಪರೀಕ್ಷೆಗೆ ಒಂದು ವಾರ ಮುಂಚೆ ಮೂರು ದಿನ ನೆಗಡಿ ಕೆಮ್ಮು ಇತ್ತು, ಅಷ್ಟು ಬಿಟ್ಟರೆ ಆರಾಮ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸದೆ ಇರಲಾಗಲಿಲ್ಲ. ಮೊದಲು 1.9, ಆಮೇಲೆ 9.3, ಈಗ 3.5. ಇದಕ್ಕೆ ಎನ್‌ಎಲ್‌ಆರ್ ಅನ್ನುತ್ತಾರಂತೆ. ಚಿಕ್ಕಪ್ಪನ ಮಗ ಒಂದು ಲೇಖನ ಕಳಿಸಿದ. ಲಿವರ್ ಕ್ಯಾನ್ಸರ್ ಚಿಕಿತ್ಸೆ ಆದವರಲ್ಲಿ ಈ ಸಂಖ್ಯೆ 3ಕ್ಕಿಂತ ಜಾಸ್ತಿ ಇದ್ದರೆ ಬದುಕುವ ಕಾಲ ಕಮ್ಮಿ ಅಂತ ಅದರಲ್ಲಿದೆ. ಅದನ್ನು ಓದಿದ ರಾತ್ರಿ ನಾನು ಮಲಗಲಿಲ್ಲ. ಅಪ್ಪನ ಪುಸ್ತಕ ಕಂಡರೇ ಭಯ ಆಗುತ್ತಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಮ್ಮೂರಿನ ಒಂದು ಲ್ಯಾಬಿನವರು 8,500 ರೂಪಾಯಿಯ ಇಮ್ಯೂನಿಟಿ ಪ್ಯಾಕೇಜ್ ಮಾಡಿಸಿ, ಎಲ್ಲ ಗೊತ್ತಾಗುತ್ತೆ ಅನ್ನುತ್ತಿದ್ದಾರೆ. ಹಳೇ ರಿಪೋರ್ಟ್ ನೋಡಿ ಅವರೇ ಪಿಎಲ್‌ಆರ್ ಅಂತ ಇನ್ನೊಂದು ಲೆಕ್ಕ ಮಾಡಿ, 70 ಬಂದಿದೆ, ಇದು ತುಂಬಾ ಚೆನ್ನಾಗಿದೆ ಅಂತ ಹಸಿರು ಶಾಯಿಯಲ್ಲಿ ಟಿಕ್ ಹಾಕಿಕೊಟ್ಟರು. ಪಕ್ಕದ ಮನೆಯವರು ದಿನಾ ಅಮೃತಬಳ್ಳಿ ಕಷಾಯ ಕೊಡಿ, ಲಿಂಫೋಸೈಟ್ ಏರುತ್ತೆ ಅಂತ ಒಂದು ಕಟ್ಟು ಬಳ್ಳಿ ತಂದುಕೊಟ್ಟಿದ್ದಾರೆ. ಅದು ಅಡುಗೆಮನೆ ಕಿಟಕಿಯಲ್ಲಿದೆ. ಮುಂದಿನ ಸ್ಕ್ಯಾನ್‌ಗೆ ಇನ್ನೂ ಹತ್ತು ದಿನ ಇದೆ.

ಈ 9.3 ಮತ್ತು 3.5 ನಿಜಕ್ಕೂ ಏನು ಹೇಳುತ್ತವೆ? ಗೊತ್ತಿರುವವರು ಹೇಳಿ.


ಉತ್ತರ: ಶಿವಮೊಗ್ಗ ಲ್ಯಾಬ್

ಮೇಡಂ, ನಾನು ಹತ್ತೊಂಬತ್ತು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಕಾಯಿಲೆ ಬಗ್ಗೆ ಡಾಕ್ಟರು ಹೇಳಲಿ, ನಾನು ಸಂಖ್ಯೆ ಬಗ್ಗೆ ಹೇಳುತ್ತೇನೆ.

ಮೊದಲು ಡಿಸ್ಚಾರ್ಜ್ ಹಾಳೆ ತೆಗೆದು ಔಷಧಿಗಳ ಪಟ್ಟಿ ನೋಡಿ. ಡೆಕ್ಸಾಮೆಥಾಸೋನ್ ಅಂತ ಇಂಜೆಕ್ಷನ್ ಇದೆಯಾ? ಟೇಸ್ ಆದ ಮೇಲೆ ಜ್ವರ, ವಾಂತಿ ಕಮ್ಮಿ ಆಗಲಿ ಅಂತ ಎಷ್ಟೋ ಕಡೆ ಅದನ್ನು ಕೊಡುತ್ತಾರೆ. ಅದು ಸ್ಟೆರಾಯ್ಡ್. ಸ್ಟೆರಾಯ್ಡ್ ಮೈಗೆ ಹೋದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಏರುತ್ತದೆ. ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂತಿದ್ದವು ಬಿಟ್ಟುಕೊಂಡು ಹರಿವಿಗೆ ಬರುತ್ತವೆ. ಲಿಂಫೋಸೈಟ್ ಅದಕ್ಕೆ ಉಲ್ಟಾ, ರಕ್ತದಿಂದ ಸರಿದು ಮಜ್ಜೆ ಕಡೆ ಹೋಗಿ ಕೂರುತ್ತದೆ. ಮೇಲಿನ ಸಂಖ್ಯೆ ಏರಿತು, ಕೆಳಗಿನದು ಇಳಿಯಿತು. ಭಾಗಿಸಿದರೆ ಎಷ್ಟು ಬರುತ್ತೆ ಅಂತ ನಿಮಗೇ ಗೊತ್ತು.

ಸ್ಟೆರಾಯ್ಡ್ ಕೊಡದಿದ್ದರೂ ಎರಡನೇ ದಿನ ಹಾಗೆ ಬರುವುದು ಸಹಜ. ಗಂಟಿನ ರಕ್ತ ನಿಲ್ಲಿಸಿದ್ದಾರೆ, ಒಳಗೆ ಜೀವಕೋಶ ಸಾಯುತ್ತಿದೆ, ಮೈ ಬಿಸಿಯಾಗಿದೆ. ಸತ್ತದ್ದನ್ನು ತೆಗೆಯಲು ಮೊದಲು ಓಡಿ ಬರುವುದೇ ನ್ಯೂಟ್ರೋಫಿಲ್. ಶೇಕಡಾ ಲೆಕ್ಕ ಬಿಟ್ಟು ಒಟ್ಟು ಲೆಕ್ಕ ಮಾಡಿ ನೋಡಿ. ನ್ಯೂಟ್ರೋಫಿಲ್ ಸುಮಾರು 3,000 ಇದ್ದದ್ದು 9,500 ದಾಟಿದೆ. ಲಿಂಫೋಸೈಟ್ 1,560 ಇದ್ದದ್ದು 1,026ಕ್ಕೆ ಇಳಿದಿದೆ. ಲಿಂಫೋಸೈಟ್ ಮೂರನೇ ಒಂದು ಭಾಗ ಮಾತ್ರ ಇಳಿದಿದೆ ಅಲ್ವಾ? ಆದರೆ 30 ಹೋಗಿ 9 ಅಂತ ಓದಿದರೆ ಎಲ್ಲಾ ಖಾಲಿಯಾದ ಹಾಗೆ ಅನಿಸುತ್ತದೆ. ಪುಸ್ತಕದಲ್ಲಿ ಇನ್ನು ಮೇಲೆ ಒಟ್ಟು ಸಂಖ್ಯೆಯನ್ನೂ ಬರೆಯಲು ಅಪ್ಪನಿಗೆ ಹೇಳಿ.

ಇನ್ನೊಂದು ವಿಷಯ. ಆ 9 ಹೇಗೆ ಬಂತು, ಮಷೀನಿನಲ್ಲೋ ಕೈಯಲ್ಲೋ? ಕೆಲವು ಲ್ಯಾಬಿನಲ್ಲಿ ಈಗಲೂ ಸ್ಲೈಡ್ ಮೇಲೆ ರಕ್ತ ಸವರಿ, ಲೀಶ್ಮನ್ ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೂರು ಕಣ ಎಣಿಸುತ್ತೇವೆ. ನ್ಯೂಟ್ರೋಫಿಲ್‌ನ ನೇರಳೆ ಬಣ್ಣದ ನಡುಭಾಗ ಮೂರ್ನಾಲ್ಕು ತುಂಡು ಜೋಡಿಸಿದ ಹಾಗಿರುತ್ತದೆ. ಲಿಂಫೋಸೈಟ್ ದುಂಡಗೆ, ಪೂರ್ತಿ ನೇರಳೆ, ಅಂಚಿನಲ್ಲಿ ತೆಳ್ಳಗೆ ತಿಳಿನೀಲಿ. ಅದೇ ಸ್ಲೈಡನ್ನು ನಾನು ಎರಡನೇ ಸಲ ಬೇರೆ ಮೂಲೆಯಿಂದ ಎಣಿಸಿದರೆ 9ರ ಬದಲು 7 ಬರಬಹುದು, 12 ಬರಬಹುದು. 86ನ್ನು 7ರಿಂದ ಭಾಗಿಸಿದರೆ 12.3. 82ನ್ನು 12ರಿಂದ ಭಾಗಿಸಿದರೆ 6.8. ಒಂದೇ ರಕ್ತ, ಒಂದೇ ಸ್ಲೈಡ್. ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಈ ಎನ್‌ಎಲ್‌ಆರ್ ಹೀಗೆ ಜಿಗಿಯುತ್ತದೆ. ಮಷೀನ್ ಸಾವಿರಾರು ಕಣ ಎಣಿಸುವುದರಿಂದ ಅಷ್ಟು ಜಿಗಿತ ಇರುವುದಿಲ್ಲ. ಅದಕ್ಕೇ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಆದಷ್ಟೂ ಒಂದೇ ಹೊತ್ತಿನಲ್ಲಿ ರಕ್ತ ಕೊಡಿ.

3.5 ಬಂದದ್ದಕ್ಕೆ ಆ ನೆಗಡಿಯೂ ಸೇರಿಕೊಂಡಿರಬಹುದು. ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ನಮ್ಮ ಕಣ್ಣಿಗೆ ಮೊದಲು ಬೀಳುವುದೇ ಅಂಥ ಸಾಲು.

ಆ 8,500ರ ಪ್ಯಾಕೇಜಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ. ಅದೇ ದುಡ್ಡು ಸ್ಕ್ಯಾನಿಗೆ ಇಡಿ.


ಉತ್ತರ: ಹುಬ್ಬಳ್ಳಿ ಡಾಕ್ಟರ್

ನಾನು ಕ್ಯಾನ್ಸರ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ತಂದೆಯವರನ್ನು ನೋಡಿಲ್ಲ, ಸ್ಕ್ಯಾನ್ ನೋಡಿಲ್ಲ. ಹಾಗಾಗಿ ಅವರ ವಿಷಯದಲ್ಲಿ ಕೊನೆಯ ಮಾತು ಅವರನ್ನು ನೋಡುತ್ತಿರುವ ಡಾಕ್ಟರದೇ. ನೀವು ಓದಿದ ಲೇಖನವನ್ನು ಹೇಗೆ ಓದಬೇಕು ಅನ್ನುವುದನ್ನು ಮಾತ್ರ ಹೇಳುತ್ತೇನೆ.

ಲೇಖನ ಸುಳ್ಳಲ್ಲ. 2001ರಲ್ಲಿ ಸ್ಲೊವಾಕಿಯಾದ ಡಾಕ್ಟರೊಬ್ಬರು ಐಸಿಯು ರೋಗಿಗಳಲ್ಲಿ ಈ ಎರಡು ಕಣಗಳ ಅನುಪಾತ ನೋಡಿದರೆ ಮೈಮೇಲೆ ಎಷ್ಟು ಒತ್ತಡ ಇದೆ ಅಂತ ತಿಳಿಯುತ್ತದೆ ಅಂದರು. ಆಮೇಲೆ ಅದು ಕ್ಯಾನ್ಸರಿಗೂ ಬಂತು. ಲಿವರ್ ಕ್ಯಾನ್ಸರಿನಲ್ಲಿ ಆಪರೇಷನ್, ಲಿವರ್ ಕಸಿ, ಟೇಸ್, ಮಾತ್ರೆ, ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯೂನೋಥೆರಪಿ, ಎಲ್ಲ ಚಿಕಿತ್ಸೆಯಲ್ಲೂ ಇದನ್ನು ನೋಡಿದ್ದಾರೆ. ಚಿಕಿತ್ಸೆಗೆ ಮೊದಲು ಎನ್‌ಎಲ್‌ಆರ್ ಜಾಸ್ತಿ ಇದ್ದ ಗುಂಪಿಗೆ ಫಲಿತಾಂಶ ಸರಾಸರಿಯಲ್ಲಿ ಕಡಿಮೆ ಅಂತ ಮತ್ತೆ ಮತ್ತೆ ಕಂಡಿದೆ. ಕಾರಣವೂ ಒಂದು ಮಟ್ಟಿಗೆ ಗೊತ್ತು. ಗಂಟು ತಾನೇ ಕೆಲವು ವಸ್ತು ಬಿಟ್ಟು ನ್ಯೂಟ್ರೋಫಿಲ್‌ಗಳನ್ನು ಕರೆಸಿಕೊಳ್ಳುತ್ತದೆ. ಹೊಸ ರಕ್ತನಾಳ ಬೆಳೆಯಲು ಅವು ಗಂಟಿಗೆ ಸಹಾಯ ಮಾಡುತ್ತವೆ. ಲಿಂಫೋಸೈಟ್‌ಗಳು ಕ್ಯಾನ್ಸರನ್ನು ಗುರುತು ಹಿಡಿದು ಕೊಲ್ಲುವ ಪಡೆ. ಅವು ಕಡಿಮೆ ಇದ್ದರೆ ಕಾವಲು ಸಡಿಲ.

ಈಗ ನಾನು ಬಿಡಿಸಿ ಹೇಳಬೇಕಾದದ್ದು. ಲೇಖನದಲ್ಲಿರುವ ಸಂಖ್ಯೆ ಸಾಮಾನ್ಯವಾಗಿ ಚಿಕಿತ್ಸೆಗೆ ಮೊದಲು ತೆಗೆದ ರಕ್ತದ್ದು. ನಿಮ್ಮ ತಂದೆಯವರ ಆ ಸಂಖ್ಯೆ 1.9. ನೀವು ಹೆದರಿದ 9.3 ಟೇಸ್ ಆಗಿ ಎರಡನೇ ದಿನದ್ದು. ಅದನ್ನು ಆ ಲೇಖನದ ಪಕ್ಕದಲ್ಲಿ ಇಡಲೇಬಾರದು. ಇನ್ನು 3 ಅನ್ನುವ ಗೆರೆ. ಒಬ್ಬರು 2.5 ಅನ್ನುತ್ತಾರೆ, ಒಬ್ಬರು 3, ಲಿವರ್ ಕಸಿಯ ಅಧ್ಯಯನಗಳಲ್ಲಿ 5 ಇಟ್ಟವರು ಬಹಳ ಜನ. ಎಷ್ಟೋ ಸಲ ತಮ್ಮ ರೋಗಿಗಳ ಲೆಕ್ಕ ಕೈಗೆ ಬಂದ ಮೇಲೆ ಎಲ್ಲಿ ಗೆರೆ ಎಳೆದರೆ ಎರಡು ಗುಂಪು ಚೆನ್ನಾಗಿ ಬೇರೆಯಾಗುತ್ತವೋ ಅಲ್ಲಿ ಎಳೆದಿರುತ್ತಾರೆ. ನೀವು ಗಣಿತ ಟೀಚರ್. ಎ ಸೆಕ್ಷನ್ ಸರಾಸರಿ 62, ಬಿ ಸೆಕ್ಷನ್ ಸರಾಸರಿ 55 ಅಂತ ಗೊತ್ತಾದರೆ, ಬಿ ಸೆಕ್ಷನ್‌ನಲ್ಲಿ ಕೂತಿರುವ ಒಬ್ಬ ಹುಡುಗಿಯ ಅಂಕ ಎಷ್ಟು ಅಂತ ಹೇಳಬಲ್ಲಿರಾ? ಚಿಕಿತ್ಸೆ ಆರಿಸಲು ಬಹುಪಾಲು ಡಾಕ್ಟರು ಬಳಸುವ ಬಾರ್ಸಿಲೋನಾ ಪದ್ಧತಿಯಲ್ಲಿ ಎನ್‌ಎಲ್‌ಆರ್‌ಗೆ ಜಾಗವೇ ಇಲ್ಲ. ಗಂಟು ಎಷ್ಟು, ಎಷ್ಟು ದೊಡ್ಡದು, ರಕ್ತನಾಳಕ್ಕೆ ನುಗ್ಗಿದೆಯಾ, ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ, ರೋಗಿ ಎದ್ದು ಓಡಾಡುತ್ತಾರಾ, ಇವುಗಳ ಮೇಲೇ ತೀರ್ಮಾನ.

ಪಿಎಲ್‌ಆರ್‌ಗೆ ಹಸಿರು ಟಿಕ್ ಹಾಕಿದ್ದು ಓದಿ ನನಗೆ ಬೇಜಾರಾಯಿತು. ಅದು ಪ್ಲೇಟ್‌ಲೆಟ್‌ಗಳನ್ನು ಲಿಂಫೋಸೈಟ್‌ನಿಂದ ಭಾಗಿಸುವ ಲೆಕ್ಕ. ನಿಮ್ಮ ಸಂಖ್ಯೆಗಳಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಂದೆಯವರ ಪ್ಲೇಟ್‌ಲೆಟ್ ಸುಮಾರು 1,10,000 ಇರಬೇಕು. ಅಂದರೆ ಕಡಿಮೆ. ಹೆಪಟೈಟಿಸ್ ಬಿಯಿಂದ ಲಿವರ್ ಗಡಸಾದವರಲ್ಲಿ ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾದದ್ದರಿಂದಲೇ ಪಿಎಲ್‌ಆರ್ ಚೆನ್ನಾಗಿ ಕಾಣುತ್ತಿದೆ. ಲಿವರ್ ಗಡಸಾಗಿರುವ ಗುರುತನ್ನೇ ಅವರು ಒಳ್ಳೆಯದು ಅಂತ ಹೇಳಿಬಿಟ್ಟಿದ್ದಾರೆ.

ಹಾಗಾದರೆ ಪುಸ್ತಕದಲ್ಲಿ ಏನು ಬರೆಯಬೇಕು? ಬಿಲಿರುಬಿನ್ ಮತ್ತು ಆಲ್ಬುಮಿನ್ ಬರೆಯಿರಿ. ಈ ಎರಡರಿಂದಲೇ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅಳೆಯುವ ಆಲ್ಬಿ ಅನ್ನುವ ಲೆಕ್ಕ 2015ರಿಂದ ಬಳಕೆಯಲ್ಲಿದೆ. ಇನ್ನೊಂದು ಟೇಸ್ ತಡೆದುಕೊಳ್ಳುತ್ತಾರಾ ಅನ್ನುವುದಕ್ಕೆ ನಾವು ನಿಜವಾಗಿ ನೋಡುವುದು ಅಂಥದ್ದನ್ನು. ಎಎಫ್‌ಪಿ ಬರೆಯಿರಿ. ಅವರಿಗೆ ಮೊದಲೇ 240 ಇದ್ದದ್ದರಿಂದ ಅದು ಇಳಿಯಿತಾ ಏರಿತಾ ಅನ್ನುವುದಕ್ಕೆ ಅರ್ಥ ಇದೆ. ಇಮ್ಯೂನೋಥೆರಪಿ ಮಾತು ಬಂದರೆ ಮೈಯೊಳಗಿನ ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯನ್ನೂ ನೋಡುವವರಿದ್ದಾರೆ. 2022ರಲ್ಲಿ ಯುರೋಪಿನ ಡಾಕ್ಟರುಗಳು ಎಎಫ್‌ಪಿ 100ಕ್ಕೆ ಮುಟ್ಟಿದೆಯಾ, ಸಿಆರ್‌ಪಿ ಡೆಸಿಲೀಟರಿಗೆ 1 ಮಿಲಿಗ್ರಾಂ ಮುಟ್ಟಿದೆಯಾ ಅಂತ ಎರಡೇ ಪ್ರಶ್ನೆಯ ಒಂದು ಲೆಕ್ಕ ಕೊಟ್ಟರು. ಎರಡೂ ಇಲ್ಲದವರಿಗೆ ಚಿಕಿತ್ಸೆ ಹೆಚ್ಚು ಹಿಡಿಯಿತು. ಅದೂ ಗುಂಪಿನ ಮಾತೇ.

ಇಮ್ಯೂನೋಥೆರಪಿ ಅಂದೆ, ಅದು ನಿಮಗೆ ಈಗ ಬೇಕು ಅಂತಲ್ಲ. ಟೇಸ್ ಸಾಕಾಗದೆ ಹೋದರೆ ಮುಂದೆ ದಾರಿ ಇದೆ ಅಂತ ಗೊತ್ತಿರಲಿ ಅಂತ. 2020ರಲ್ಲಿ ಪ್ರಕಟವಾದ, 501 ರೋಗಿಗಳ ಒಂದು ದೊಡ್ಡ ಅಧ್ಯಯನದಲ್ಲಿ ಅಟೆಜೊಲಿಜುಮಾಬ್ ಮತ್ತು ಬೆವಾಸಿಜುಮಾಬ್ ಜೊತೆಯಾಗಿ ಕೊಟ್ಟರು. ಮುಂದುವರಿದ ಕಾಯಿಲೆಯವರು ಅವರೆಲ್ಲ. ಇನ್ನೂ ಹೆಚ್ಚು ಕಾಲ ನೋಡಿ ಆಮೇಲೆ ಕೊಟ್ಟ ಲೆಕ್ಕದಲ್ಲಿ ಬದುಕಿನ ಮಧ್ಯಮ ಅವಧಿ 19.2 ತಿಂಗಳಾಯಿತು, ಹಳೇ ಮಾತ್ರೆ ಸೊರಾಫೆನಿಬ್‌ನಲ್ಲಿ 13.4 ಇತ್ತು. ದುಬಾರಿ ಔಷಧಿ. ಕೊಡುವ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಇದೆಯಾ ನೋಡಬೇಕು, ಇಲ್ಲದಿದ್ದರೆ ರಕ್ತ ಸೋರುವ ಅಪಾಯ.

ಅಮೃತಬಳ್ಳಿ ಬೇಡವೇ ಬೇಡ. ಇದರಲ್ಲಿ ನಾನು ನಯವಾಗಿ ಹೇಳಲಾರೆ. 2021ರಲ್ಲಿ ಮುಂಬೈನ ಡಾಕ್ಟರುಗಳು ಅಮೃತಬಳ್ಳಿ ತೆಗೆದುಕೊಂಡು ಲಿವರ್ ಕೆಟ್ಟ 6 ಜನರ ವಿವರ ಪ್ರಕಟಿಸಿದರು. ಮರುವರ್ಷ ದೇಶದ 13 ಕಡೆಗಳಿಂದ 43 ಜನರ ವಿವರ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಆ ವಾದ ಇದೆ. ಆದರೆ ಮೊದಲೇ ಪೆಟ್ಟು ತಿಂದ ಲಿವರ್‌ನ ಮೇಲೆ ಆ ವಾದವನ್ನು ಪರೀಕ್ಷೆ ಮಾಡುವುದು ಬೇಡ.

ಟೆನೊಫೊವಿರ್ ಒಂದು ದಿನವೂ ತಪ್ಪಬಾರದು. ಜ್ವರ ಚಳಿ ನಡುಕದ ಜೊತೆ ಮತ್ತೆ ಬಂದರೆ, ಕಣ್ಣು ಹಳದಿಯಾದರೆ, ಹೊಟ್ಟೆ ಊದಿಕೊಂಡರೆ, ಮಾತು ತೊದಲಿದರೆ ಸ್ಕ್ಯಾನ್ ದಿನಕ್ಕೆ ಕಾಯದೆ ಹೊರಡಿ.

ಕೊನೆಗೆ ನಾನೊಂದು ಕೇಳುತ್ತೇನೆ. ಮನೆಯಲ್ಲಿ ಉಳಿದವರು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ನೀವು, ತಮ್ಮ, ತಾಯಿ? ನಿಮ್ಮ ಇಡೀ ಬರಹದಲ್ಲಿ ಅದೊಂದು ಮಾತು ಕಾಣಲಿಲ್ಲ.


ಉತ್ತರ: ಪುತ್ತೂರು ತೋಟ

ತಂಗಿ, ನಿನ್ನ ಹಾಗೇ ನಾನೂ ಸಂಖ್ಯೆ ಹಿಂದೆ ಬಿದ್ದವನು. ನನ್ನ ಕಥೆ ಉಲ್ಟಾ ದಿಕ್ಕಿನದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಅಣ್ಣನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಫ್ಯಾಟಿ ಲಿವರ್. 2021ರಲ್ಲಿ 2.4 ಸೆಂಟಿಮೀಟರಿನ ಒಂದು ಗಂಟು ಸಿಕ್ಕಿತು. ಮಂಗಳೂರಿನಲ್ಲಿ ಆರ್‌ಎಫ್‌ಎ ಮಾಡಿದರು, ಸೂಜಿ ಚುಚ್ಚಿ ಗಂಟನ್ನು ಸುಡುವುದು. ಪೂರ್ತಿ ಸುಟ್ಟಿದೆ ಅಂತ ಸ್ಕ್ಯಾನ್ ಬಂತು. ಆಗಲೇ ನಾನೂ ಎಲ್ಲೋ ಎನ್‌ಎಲ್‌ಆರ್ ಬಗ್ಗೆ ಓದಿದೆ. ತಿಂಗಳಿಗೊಮ್ಮೆ ರಕ್ತ ಕೊಡಿಸುತ್ತಿದ್ದೆ. ಪ್ರತಿ ಸಲವೂ 2ರ ಆಸುಪಾಸು. ಎಎಫ್‌ಪಿ 6, ಅದು ಅಣ್ಣನಿಗೆ ಗಂಟು ಇದ್ದಾಗಲೂ 6ರ ಹತ್ತಿರವೇ ಇತ್ತು. ಎಲ್ಲ ಚೆನ್ನಾಗಿದೆ ಅಲ್ವಾ ಅಂತ ನನಗೆ ಧೈರ್ಯ ಬಂತು. ಮೂರು ತಿಂಗಳಿಗೆ ಆಗಬೇಕಿದ್ದ ಸ್ಕ್ಯಾನನ್ನು ಐದು ತಿಂಗಳಿಗೆ ತಳ್ಳಿದೆ. ಅಡಿಕೆ ಕೊಯ್ಲು ನಡೆಯುತ್ತಿತ್ತು, ಜನ ಸಿಗುವುದೇ ಕಷ್ಟ, ಸಿಕ್ಕಾಗ ಬಿಡುವ ಹಾಗಿರಲಿಲ್ಲ.

ಐದನೇ ತಿಂಗಳು ಹೋದಾಗ ಬೇರೆ ಜಾಗದಲ್ಲಿ 3.1 ಸೆಂಟಿಮೀಟರಿನ ಹೊಸ ಗಂಟು. ಆ ದಿನದ ಎನ್‌ಎಲ್‌ಆರ್ 2.1.

ಡಾಕ್ಟರು ಬೈಯಲಿಲ್ಲ. ಸ್ಕ್ಯಾನಿನ ಚಿತ್ರವನ್ನು ನನ್ನ ಕಡೆ ತಿರುಗಿಸಿ, ಸ್ಕ್ಯಾನಿಗೆಂದು ರಕ್ತನಾಳಕ್ಕೆ ಔಷಧಿ ಹಾಕಿದ ಕೂಡಲೇ ಬೆಳ್ಳಗೆ ಹೊಳೆದು, ಆಮೇಲೆ ಸುತ್ತಲಿನ ಲಿವರ್‌ಗಿಂತ ಕಪ್ಪಾಗುವ ಆ ಚುಕ್ಕೆ ತೋರಿಸಿದರು. ರಕ್ತದ ಸಂಖ್ಯೆಗೆ ಇದು ಕಾಣುವುದಿಲ್ಲ, ಇದನ್ನು ಇಲ್ಲೇ ನೋಡಬೇಕು ಅಂದರು. ಮೈಕ್ರೋವೇವ್ ಶಾಖದಿಂದ ಗಂಟು ಸುಡುವ ಅಬ್ಲೇಶನ್ ಮಾಡಿದರು. ಈಗ ಅಣ್ಣ ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾನೆ, ಸ್ಪ್ರಿಂಕ್ಲರ್ ತಿರುಗಿಸುತ್ತಾನೆ. ಮೂರು ತಿಂಗಳ ಸ್ಕ್ಯಾನ್ ಒಂದು ವಾರವೂ ಮುಂದೆ ಹೋಗಿಲ್ಲ.

ಆಮೇಲೊಂದು ಸಲ ಎನ್‌ಎಲ್‌ಆರ್ 6.4 ಬಂತು. ರಾತ್ರಿಯೇ ಕಾರು ಮಾಡಿಕೊಂಡು ಮಂಗಳೂರಿಗೆ ಓಡಿದೆವು. ಸ್ಕ್ಯಾನಿನಲ್ಲಿ ಏನೂ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಅಣ್ಣ ಕೆನ್ನೆ ಹಿಡಿದುಕೊಂಡ. ಕೆಳಗಿನ ದವಡೆ ಹಲ್ಲಿನ ಬುಡದಲ್ಲಿ ಕೀವು ಆಗಿತ್ತು. ನಾಲ್ಕು ದಿನದಿಂದ ನೋವಿತ್ತಂತೆ, ಹೇಳಿರಲಿಲ್ಲ.

ಜಾಸ್ತಿ ಬಂದಾಗ ಹೆದರಿ ಓಡಿದ್ದಕ್ಕೆ ನನಗೆ ಬೇಸರ ಇಲ್ಲ. ಕಮ್ಮಿ ಇದೆ ಅಂತ ಆ ಎರಡು ತಿಂಗಳು ಸುಮ್ನೆ ಕೂತದ್ದು ಈಗಲೂ ಕಾಡುತ್ತದೆ. ನಿನ್ನ ಸ್ಕ್ಯಾನ್ ಹತ್ತು ದಿನದಲ್ಲಿದೆ ಅಂದೆ. ಆ ದಿನ ಯಾರ ಮದುವೆ ಇದ್ದರೂ ಹೋಗು ತಂಗಿ.


ಮತ್ತೆ: ತಿಪಟೂರಿನ ಮಗಳು

ಮೂವರಿಗೂ ಮೊದಲು ನಮಸ್ಕಾರ. ಹದಿನೈದು ದಿನ ಆಯಿತು, ಬರೆಯಲು ಆಗಿರಲಿಲ್ಲ.

ಶಿವಮೊಗ್ಗದ ಸರ್, ಡಿಸ್ಚಾರ್ಜ್ ಹಾಳೆಯ ಎರಡನೇ ಪುಟದಲ್ಲಿ ಡೆಕ್ಸಾಮೆಥಾಸೋನ್ ಇತ್ತು. ಮೂರು ದಿನ ಕೊಟ್ಟಿದ್ದಾರೆ. ಆ ಹಾಳೆಯನ್ನು ನಾನು ಎಷ್ಟು ಸಲ ಓದಿದ್ದೆನೋ, ಆ ಸಾಲು ಕಣ್ಣಿಗೆ ಬಿದ್ದಿರಲಿಲ್ಲ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಪುಸ್ತಕ ತೆಗೆದು ಆ 9.3ರ ಸಾಲಿನ ಪಕ್ಕ "ಇಂಜೆಕ್ಷನ್" ಅಂತ, 3.5ರ ಪಕ್ಕ "ನೆಗಡಿ" ಅಂತ ಬರೆದರು. ತೂಕ ಮಾಡುವಾಗ ಚೀಲ ಒದ್ದೆ ಇದ್ದರೆ ನಾವೂ ಪಕ್ಕಕ್ಕೆ ಹಾಗೇ ಬರೆಯುತ್ತಿದ್ದೆವು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ ಅಂದರು. ಅವರಿಗೆ ನನಗಿಂತ ಬೇಗ ಅರ್ಥವಾಯಿತು.

ಸ್ಕ್ಯಾನ್ ಹೇಳಿದ ದಿನಕ್ಕೇ ಆಯಿತು, ಪುತ್ತೂರಿನ ಅಣ್ಣ. ದೊಡ್ಡ ಗಂಟಿನಲ್ಲಿ ಜೀವ ಇಲ್ಲ, ಹೊಳಪು ಎಲ್ಲೂ ಇಲ್ಲ. ಎಡಭಾಗದ ಚಿಕ್ಕದರಲ್ಲಿ ಅಂಚಿನ ಹತ್ತಿರ ಸ್ವಲ್ಪ ಉಳಿದಿದೆ. ಡಾಕ್ಟರು ತೋರಿಸಿದರು, ಉಗುರಿನ ಬುಡದ ಅರ್ಧಚಂದ್ರದ ಹಾಗೆ ಬೆಳ್ಳಗಿನ ಸಣ್ಣ ಬಾಗು. ಎಎಫ್‌ಪಿ 240 ಇದ್ದದ್ದು 71ಕ್ಕೆ ಬಂದಿದೆ. ಬಿಲಿರುಬಿನ್ 1.0, ಆಲ್ಬುಮಿನ್ 3.7. ಲಿವರ್ ತಡೆದುಕೊಂಡಿದೆ, ಎಡಭಾಗಕ್ಕೆ ಇನ್ನೊಂದು ಟೇಸ್ ಮಾಡೋಣ ಅಂದಿದ್ದಾರೆ. ಮುಂದಿನ ತಿಂಗಳ ಮೊದಲ ವಾರ. ಎನ್‌ಎಲ್‌ಆರ್ ಬಗ್ಗೆ ಕೇಳಿದೆ. ಅವರು ಪುಸ್ತಕ ನೋಡಿ, ಟೇಸ್‌ಗೆ ಹಿಂದಿನ ದಿನದ್ದನ್ನು ಬರೆದಿಡಿ, ಆಮೇಲಿನದಕ್ಕೆ ತಲೆ ಕೆಡಿಸಿಕೊಳ್ಳಬೇಡಿ ಅಂದರು. ಬಳ್ಳಿಯ ಕಟ್ಟನ್ನು ಪಕ್ಕದ ಮನೆಯವರಿಗೆ ವಾಪಸ್ ಕೊಟ್ಟೆ. ಅವರಿಗೆ ಬೇಜಾರಾಯಿತು. 43 ಜನರ ವಿಷಯ ಹೇಳಿದ ಮೇಲೆ ಅವರೂ ಕುಡಿಯುವುದನ್ನು ನಿಲ್ಲಿಸಿದ್ದಾರೆ.

ಹುಬ್ಬಳ್ಳಿ ಡಾಕ್ಟರೇ, ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಎರಡು ವರ್ಷದಲ್ಲಿ ನಮ್ಮಲ್ಲಿ ಯಾರೂ ಮಾಡಿಸಿರಲಿಲ್ಲ. ಅಪ್ಪನಿಗೆ ಗೊತ್ತಾದ ದಿನ ಯಾರೋ ಹೇಳಿದ್ದರಂತೆ, ಅಮ್ಮನಿಗೆ ಮಸುಕಾಗಿ ನೆನಪಿದೆ. ಹೋದ ಸೋಮವಾರ ಎಲ್ಲರೂ ಒಟ್ಟಿಗೆ ಹೋಗಿ ರಕ್ತ ಕೊಟ್ಟೆವು. ಅಮ್ಮನಿಗೆ ಇಲ್ಲ. ನನಗೆ ಇಲ್ಲ. ತಮ್ಮನ ಹೆಂಡತಿಗೆ ಇಲ್ಲ. ತಮ್ಮನಿಗೆ ಇದೆ.

ಅವನಿಗೆ 34 ವರ್ಷ. ಯಾವ ತೊಂದರೆಯೂ ಇಲ್ಲ, ವಾರಕ್ಕೆ ಮೂರು ದಿನ ಶಟಲ್ ಆಡುತ್ತಾನೆ. ರಿಪೋರ್ಟ್ ಓದಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಪ್ಪನ ಹತ್ತಿರ ಹೋಗಿ, ಆ ಪುಸ್ತಕದಲ್ಲಿ ನನಗೂ ಒಂದು ಪುಟ ಬಿಡಿ ಅಂದ. ಅಪ್ಪ ಪುಸ್ತಕ ತಿರುಗಿಸಿ, ಹಿಂದಿನ ಕಡೆಯಿಂದ ಹೊಸ ಪುಟ ತೆಗೆದು, ಗೆರೆ ಹೊಡೆದು ಅವನ ಹೆಸರು ಬರೆದರು. ಲಿವರ್ ಸ್ಕ್ಯಾನ್ ಮತ್ತು ಲಿವರ್ ಗಡಸಾಗಿದೆಯಾ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಎರಡೂ ಚೆನ್ನಾಗಿವೆ. ವೈರಸ್ ಎಷ್ಟಿದೆ ಅಂತ ನೋಡುವ ಡಿಎನ್‌ಎ ಪರೀಕ್ಷೆಗೆ ರಕ್ತ ಹೋಗಿದೆ, ಅದು ಬಂದ ಮೇಲೆ ಮಾತ್ರೆ ಬೇಕಾ ಅಂತ ಹೇಳುತ್ತಾರೆ. ಅಮ್ಮ, ನಾನು, ತಮ್ಮನ ಹೆಂಡತಿ ಮೂವರಿಗೂ ಲಸಿಕೆಯ ಮೊದಲ ಡೋಸ್ ಆಯಿತು. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರು ತಿಂಗಳಿಗೆ. ಮೂರೂ ತಾರೀಖು ಪುಸ್ತಕದಲ್ಲಿವೆ.

ಡಿಎನ್‌ಎ ರಿಪೋರ್ಟ್ ಶುಕ್ರವಾರ ಬರುತ್ತದೆ. ಸಂಖ್ಯೆ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಅದನ್ನು ಹೇಗೆ ಓದಬೇಕು ಅಂತ ದಯವಿಟ್ಟು ಹೇಳಿಕೊಡಿ.